ಸೈಪ್ರಸ್ ಎಂಬ ಸವತಿ

ಸೈಪ್ರಸ್ ಅನ್ನುವ ಹೆಸರು ಕಿವಿಗೆ ಬಿದ್ದರೆ ಸಾಕು, ಪಕ್ಕದ ಮನೆ ದೊಡ್ಡಮ್ಮನ ಎಡಹುಬ್ಬು ಹಣೆಯ ಅರ್ಧಕ್ಕೆ ಏರುತ್ತಿತ್ತು. ಬಲಹುಬ್ಬು ಇದ್ದಲ್ಲೇ ಇರುತ್ತಿತ್ತು. ಮುದ್ದೆ ತೊಳಸುತ್ತಿದ್ದರಂತೂ ಕೋಲು ಮಡಕೆಗೆ ಬಡಿಯುವ ಸದ್ದು ನಮ್ಮ ಮನೆವರೆಗೂ ಕೇಳುತ್ತಿತ್ತು.

ಅವರ ಗಂಡ, ನಮಗೆಲ್ಲ ದೊಡ್ಡಪ್ಪ, ಎರಡನೇ ಮಹಾಯುದ್ಧದಲ್ಲಿ ಆ ದ್ವೀಪದ ಕಾವಲಿಗಿದ್ದ ಸಿಪಾಯಿ. ನಮ್ಮೂರು ತಳಿಗೆ ಮರಳಿ ಎಷ್ಟೋ ಕಾಲವಾಗಿದ್ದರೂ ಸಂಜೆ ಜಗಲಿಯ ಮೇಲೆ ನಾಲ್ಕು ಜನ ಸೇರಿದರೆ ಅಲ್ಲಿನ ಚರಿತ್ರೆ ಶುರು. ತಾಮ್ರದ ಗಣಿ, ಗ್ರೀಕರು, ರೋಮನರು, ಸಮುದ್ರದ ನೊರೆಯಲ್ಲಿ ಹುಟ್ಟಿದ ಪ್ರೇಮದೇವತೆ. "ಬಟ್ಟೆ ಉಟ್ಕೊಂಡಿದ್ಲಾ ಅವ್ಳು?" ಎಂದು ಒಳಗಿನಿಂದ ದೊಡ್ಡಮ್ಮ ಕೇಳುವರು. ಯುದ್ಧಕ್ಕೆ ಹೊರಟ ಇಂಗ್ಲೆಂಡಿನ ರಾಜನೊಬ್ಬ ದಾರಿಯಲ್ಲಿ ಆ ದ್ವೀಪವನ್ನು ಗೆದ್ದು ಅಲ್ಲೇ ಮದುವೆಯಾದನಂತೆ. "ಅಲ್ಲಿಗೋದ ಗಂಡಸ್ರಿಗೆಲ್ಲ ಅದೇ ಕೆಲ್ಸ." ಇದನ್ನೆಲ್ಲ ಕಲಿಸಿದ್ದು ಅಲ್ಲಿಯ ಒಬ್ಬ ಮುದುಕ ಎಂದರೆ, "ಮುದ್ಕನೋ, ಮುದ್ಕನ ಮಗ್ಳೋ?"

ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ನನ್ನ ಗಂಡ ಹೊಸೂರಿನ ಕೆಲಸದಿಂದ ಬಂದು ಮಲಗುವವರೆಗೆ ಆಡುತ್ತಿದ್ದದ್ದು ಎರಡೇ ಮಾತು: "ಸಾರು", "ಸಾಕು". ದೊಡ್ಡಮ್ಮನಿಗೆ ದ್ವೀಪದ ಮೇಲೆ ಹೊಟ್ಟೆಕಿಚ್ಚು, ನನಗೆ ದೊಡ್ಡಮ್ಮನ ಮೇಲೆ. ಮಾತಾಡುವ ಗಂಡನನ್ನು ಇಟ್ಟುಕೊಂಡು ಇವರಿಗೇನು ಕೊರತೆ ಎಂದು ಉರಿದುಕೊಳ್ಳುತ್ತಿದ್ದೆ.

ಕೊರತೆ ಏನೆಂದು ಎಪ್ಪತ್ತನಾಲ್ಕರಲ್ಲಿ ತಿಳಿಯಿತು. ದ್ವೀಪದಲ್ಲಿ ಯುದ್ಧವಾಗಿ ನಾಡು ಎರಡು ಪಾಲಾಯಿತೆಂದು ರೇಡಿಯೋ ಹೇಳಿತು. ದೊಡ್ಡಪ್ಪ ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಅತ್ತರು. ದೊಡ್ಡಮ್ಮ ಹಿತ್ತಲಿಗೆ ಬಂದು ನನ್ನ ಹತ್ತಿರ ಹೇಳಿದರು:

"ನಮ್ ಕೂಸು ಹೋದಾಗ ಇವ್ರು ಅಲ್ಲಿದ್ರು. ಬಂದ್ಮೇಲಾದ್ರೂ ಹೆಂಗೋಯ್ತು ಅಂತ ಒಂದಿನ ಕೇಳ್ನಿಲ್ಲ ಕಣಮ್ಮಿ. ಈ ಸವ್ತಿಗೋಸ್ಕರ ಅಳ್ತಾ ಅವ್ರೆ ನೋಡು."

ಅವರು ಅಳಲಿಲ್ಲ. ಒಣಗಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಕೆಲವು ವರ್ಷಗಳ ಮೇಲೆ ದೊಡ್ಡಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತು. ನೋಡಲು ಬಂದವರು ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಒಂದು ಸಂಜೆ ದೊಡ್ಡಮ್ಮ ಕೈ ಒರೆಸಿಕೊಂಡು ಹೊರಗೆ ಬಂದರು. "ಕೂತ್ಕಳ್ಳಿ, ನಾನೇಳ್ತೀನಿ."

ಹೇಳಿದರು ನೋಡಿ, ಒಂದೂ ಬಿಡದೆ! ಗಣಿ, ಗ್ರೀಕರು, ರೋಮನರು. ನೊರೆಯ ದೇವತೆಗೆ ಮಾತ್ರ ಒಂದು ಸೀರೆ ಉಡಿಸಿದರು. ವೆನಿಸ್ಸಿನವರು ಕೋಟೆ ಕಟ್ಟಿದರು, ತುರ್ಕರು ಹಿಡಿದರು, ಇಂಗ್ಲಿಷರು ಬಂದರು. ಆಮೇಲೆ ಅದೇ ದನಿಯಲ್ಲಿ, "ಆಗ ಇವ್ರು ಅಲ್ಲಿ ಕಾವಲಿಗೋದ್ರು. ಆ ವರ್ಷ ಇಲ್ಲಿ, ಇದೇ ನಡುಮನೇಲಿ, ನಮ್ ಕೂಸಿಗೆ ಜ್ವರ ಬಂತು. ಗಾಡಿ ಕಟ್ಟುಸ್ಕಂಡು ಹೊಸೂರಿಗೆ ಹೊಂಟೆ. ನನ್ ಬೆರಳು ಹಿಡ್ಕಂಡಿತ್ತು. ದಾರೀಲೇ ಬಿಟ್ಬುಡ್ತು. ಆಮೇಲೆ ಇಂಗ್ಲಿಷ್ನೋರು ಹೊಂಟೋದ್ರು, ದ್ವೀಪ ಎಲ್ಡಾಯ್ತು," ಎಂದು ಮುಗಿಸಿದರು.

ದೊಡ್ಡಪ್ಪ ಗೋಡೆಗೆ ಒರಗಿ ಅವರನ್ನೇ ನೋಡುತ್ತಿದ್ದರು. ಮುಖದ ಒಂದು ಪಕ್ಕ ಅಳುತ್ತಿತ್ತು. ಅಲ್ಲಿಂದಾಚೆಗೆ ದಿನವೂ ಚರಿತ್ರೆ ಹೇಳುವವರು ದೊಡ್ಡಮ್ಮನೇ, ಮಗುವಿನ ವರ್ಷವನ್ನು ಸೇರಿಸಿಕೊಂಡು.

ಯಾರೂ ಎಣಿಸಿರಲಿಲ್ಲ, ಮೊದಲು ಹೋದವರು ದೊಡ್ಡಮ್ಮ. ಒಂದು ಚಳಿಗಾಲದ ಬೆಳಿಗ್ಗೆ ಒಲೆ ಹಚ್ಚಲು ಏಳಲಿಲ್ಲ. ಹನ್ನೊಂದರ ಕಾರ್ಯ ಮುಗಿದ ಸಂಜೆ ನೆಂಟರು ಚದುರಿದ ಮೇಲೆ ದೊಡ್ಡಪ್ಪ ನನ್ನ ಕಡೆ ನೋಡಿ ಚಾಪೆ ತಟ್ಟಿದರು. ಅರ್ಥವಾಯಿತು. ಕೂತು, ತಾಮ್ರದ ಗಣಿಯಿಂದ ಶುರು ಮಾಡಿದೆ. ಅವರು ಆಡುವ ಕೈಯನ್ನು ಅಡ್ಡ ಬೀಸಿದರು. ಗ್ರೀಕರು ಅಂದೆ. ಮತ್ತೆ ಬೀಸಿದರು. ಕೊನೆಗೆ ನಡುಮನೆಯ ಕಡೆ ಬೆರಳು ತೋರಿಸಿದರು.

ಜ್ವರ ಬಂದ ದಿನದಿಂದ ಹೇಳಿದೆ, ದೊಡ್ಡಮ್ಮ ಹೇಳುತ್ತಿದ್ದ ಹಾಗೆಯೇ. ಮುಗಿದಾಗ ಮತ್ತೊಮ್ಮೆ ಹೇಳು ಎಂಬಂತೆ ಚಾಪೆ ತಟ್ಟಿದರು. ನನ್ನ ಗಂಡ ಬಾಗಿಲಲ್ಲೇ ನಿಂತು, ಹೊತ್ತಾಯಿತು ಎಂಬಂತೆ ಕೆಮ್ಮುತ್ತಿದ್ದರು. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಗೊತ್ತಾದದ್ದು ಆವತ್ತೇ.