ಸುಣ್ಣದಡಿಯ ಸಿಂಹ

ಮೊನ್ನೆ ಅಮ್ಮ ಹಿತ್ತಾಳೆ ದೀಪಗಳನ್ನೂ ನೆನೆಸಿದ ಹುಣಸೆಹಣ್ಣನ್ನೂ ನನ್ನ ಮುಂದಿಟ್ಟು, ಮೊಬೈಲ್ ಕಿತ್ತುಕೊಂಡು, ಉಜ್ಜು ಎಂದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು. ಕೆಲಸ ತಪ್ಪಿಸಿಕೊಳ್ಳುವ ನಾಟಕ ಎಂದುಕೊಂಡಳು. ಅರ್ಧ ನಿಜ. ಉಳಿದರ್ಧ, ಪಕ್ಕದ ಮನೆಯ ಪಿಟಿ ಮೇಷ್ಟ್ರು...

ಗುಬ್ಬಿಯ ಶಾಲೆಯೊಂದರಲ್ಲಿ ಅಪ್ಪಂದಿರನ್ನೂ ಆಮೇಲೆ ಅವರ ಮಕ್ಕಳನ್ನೂ ಬಿಸಿಲಲ್ಲಿ ಓಡಿಸಿ, ನಿವೃತ್ತರಾಗಿ ತುಮಕೂರಿನ ನಮ್ಮ ಬೀದಿಗೆ ಬಂದಿದ್ದರು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಹಾಲಿನವನಿಗೆ ಒಂದು ಸೀಟಿ, ನನಗೆ ಎರಡು. ಮೂರು ಊದಿದರೆ ಬೀದಿನಾಯಿಗಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತಿದ್ದವು. ಸರಿ, ಒಂದೇ ನಾಯಿ. ಆದರೆ ಅದು ನಿಲ್ಲುತ್ತಿದ್ದದ್ದು ಅಟೆನ್ಷನ್ನಿನಲ್ಲೇ.

ಸೀಟಿಯ ಜೊತೆ ಅವರ ಜೇಬಿನಲ್ಲಿ ಹಳೆಯದೊಂದು ದೊಡ್ಡ ರೂಪಾಯಿ ನಾಣ್ಯ ಇರುತ್ತಿತ್ತು. ಜೀವಮಾನವಿಡೀ ಟಾಸ್ ಹಾಕಿದ್ದು ಅದರಲ್ಲೇ. ಒಂದು ಕಡೆ ಸಿಂಹ. ಇನ್ನೊಂದು ಕಡೆ ಮೈದಾನದ ಗೆರೆ ಸುಣ್ಣವೂ ಕೆಮ್ಮಣ್ಣೂ ಮೆತ್ತಿ, ಗಟ್ಟಿಯಾಗಿ, ನುಣ್ಣಗಾಗಿತ್ತು. ಅಂಕಿ ಸವೆದಿದೆ ಎಂದು ಎಲ್ಲರೂ ನಂಬಿದ್ದರು. ಮೇಷ್ಟ್ರೂ.

ನಾನಾಗ ಎಂಟನೇ ಕ್ಲಾಸು. ಒಂದು ಭಾನುವಾರ ಅವರು ನಾಣ್ಯವನ್ನು ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದರು. ಅವರಿಂದ ಶಭಾಷ್ ಅನ್ನಿಸಿಕೊಳ್ಳಲು ನಾನು ಹುಣಸೆಹಣ್ಣು ಹಾಕಿ ಅದನ್ನು ಉಜ್ಜಿದೆ. ಸುಣ್ಣ ಬುಸಬುಸನೆ ನೊರೆಬಿಟ್ಟು ಕರಗಿತು. ಕೆಳಗೆ ಅಂಕಿ ಇರಲಿಲ್ಲ. ಅಲ್ಲೂ ಸಿಂಹವೇ! ಆದರೆ ಉಬ್ಬಿದ್ದಲ್ಲ. ಒಳಕ್ಕೆ ತಗ್ಗಿದ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿದ ಸಿಂಹ.

ಮೇಷ್ಟ್ರಿಗೆ ಹೇಳುವ ಮೊದಲು ನಾನು ಲೋಕಕ್ಕೆ ಹೇಳಿದೆ. ಫೋಟೊ ತೆಗೆದು, 'ಗುಬ್ಬಿ ಟಾಸ್ ರಹಸ್ಯ ಬಯಲು' ಎಂದು ಬರೆದು, ನಾಲ್ಕು ಬಾಂಬಿನ ಚಿತ್ರ ಸೇರಿಸಿ ಅಮ್ಮನ ಮೊಬೈಲಿನಲ್ಲಿ ಸ್ಟೇಟಸ್ ಹಾಕಿದೆ. ಮಧ್ಯಾಹ್ನದೊಳಗೆ ಅದು ಹಳೇ ವಿದ್ಯಾರ್ಥಿಗಳ ಗ್ರೂಪುಗಳನ್ನೆಲ್ಲ ಸುತ್ತಿ ಕುಣಿಗಲ್ ಮುಟ್ಟಿತು. ಅಲ್ಲಿದ್ದರು ಇನ್ನೊಬ್ಬ ನಿವೃತ್ತ ಪಿಟಿ ಮೇಷ್ಟ್ರು. ನಮ್ಮ ಮೇಷ್ಟ್ರು ಹಾಕಿದ ಟಾಸು ಸೋತು, ಆಮೇಲೆ ಖೊ-ಖೊ ಫೈನಲ್ಲನ್ನೂ ಸೋತಿದ್ದ ತಂಡ ಅವರದು. ನಮ್ಮ ಮೇಷ್ಟ್ರಿಗೆ ಅವರ ಫೋನು ಬಂತು.

"ಅಂತೂ ಸಿಕ್ಕಾಕೊಂಡಲ್ಲಯ್ಯ. ಎರಡು ನಾಣ್ಯ ಕೊಯ್ದು ಅಂಟಿಸ್ಕೊಂಡು ಟಾಸ್ ಹಾಕ್ತಿದ್ದಾ?"

ಮೇಷ್ಟ್ರು ಫೋನಿಟ್ಟರು. ಮೂರು ದಿನ ಬೀದಿಯಲ್ಲಿ ಸೀಟಿ ಕೇಳಲಿಲ್ಲ. ನಾಯಿ ಬಂದು ಗೇಟಿನೊಳಗೆ ಇಣುಕಿ ಹೋಯಿತು. ಎಷ್ಟು ಬೈದರೂ, ಎಷ್ಟು ಓಡಿಸಿದರೂ, ಆ ಮನುಷ್ಯ ಮೋಸ ಮಾಡಿದ ಎಂದು ಅವತ್ತಿನವರೆಗೆ ಯಾರೂ ಅಂದಿರಲಿಲ್ಲ. ಈಗ ಇಡೀ ತಾಲ್ಲೂಕು ಅನ್ನುತ್ತಿತ್ತು, ನನ್ನ ನಾಲ್ಕು ಬಾಂಬುಗಳ ಸಮೇತ.

ಸ್ಟೇಟಸ್ ಅಳಿಸಿ, ನೆಟ್ಟಿನಲ್ಲಿ ಹುಡುಕಿದೆ. ಟಂಕಸಾಲೆಯಲ್ಲಿ ಒಮ್ಮೊಮ್ಮೆ ಒತ್ತಿದ ನಾಣ್ಯ ಅಚ್ಚಿಗೇ ಕಚ್ಚಿಕೊಂಡು, ಮುಂದಿನ ನಾಣ್ಯದ ಬೆನ್ನಿಗೆ ತನ್ನ ಸಿಂಹವನ್ನೇ ಒತ್ತಿಬಿಡುತ್ತದಂತೆ. ಚಾಪೆಯ ಮೇಲೆ ಮಲಗಿ ಎದ್ದವನ ಕೆನ್ನೆಯಲ್ಲಿ ಚಾಪೆ ಮೂಡುವ ಹಾಗೆ. ಇಂಥ ತಪ್ಪು ನಾಣ್ಯಗಳನ್ನು ಪರೀಕ್ಷಿಸಿ, ದರ್ಜೆ ಕೊಟ್ಟು, ಸರ್ಟಿಫಿಕೇಟಿನೊಡನೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ಕಳಿಸುವ ಕಂಪನಿಯೇ ಇತ್ತು.

ಮೇಷ್ಟ್ರಿಗೆ ತೋರಿಸಿ, ಅವರ ಜಗಲಿಯಲ್ಲೇ ಕೂತು ಅರ್ಜಿ ತುಂಬಿದೆ. 'ದೋಷದ ವಿವರ' ಎಂಬ ಖಾನೆ ಬಂದಾಗ ಮೇಷ್ಟ್ರು ಎದ್ದು ನಿಂತರು.

"ದೋಷ ನಂದಲ್ಲ ಅಂತ ಬರಿಯೋ."

ಬರೆದೆ. ಜೊತೆಗೆ ಮೇಷ್ಟ್ರು ತಮ್ಮ ನಡತೆಯ ಪ್ರಮಾಣಪತ್ರವನ್ನೂ, ಕಬಡ್ಡಿ ತಂಡದ ನಡುವೆ ತಾವು ಕುಳಿತ ಫೋಟೊವನ್ನೂ ಲಕೋಟೆಗೆ ತುರುಕಿದರು. ಪೋಸ್ಟಾಫೀಸಿನಲ್ಲಿ ವಿಮೆ ಪಾರ್ಸಲ್ ಮಾಡುವಾಗ ಒಳಗೇನಿದೆ ಎಂದು ಕೌಂಟರಿನ ಹೆಂಗಸು ಕೇಳಿದಳು. ಒಂದು ರೂಪಾಯಿ ಎಂದರು ಮೇಷ್ಟ್ರು. ಅವಳು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು.

ಎರಡು ತಿಂಗಳಾದ ಮೇಲೆ ಡಬ್ಬಿ ಬಂತು. ಲೇಬಲಿನಲ್ಲಿ ಇಂಗ್ಲಿಷಿನಲ್ಲಿ ಮೂರೇ ಮಾತು. ಅಸಲಿ ನಾಣ್ಯ. ಟಂಕಸಾಲೆಯ ದೋಷ. ಕೊನೆಯದು: ಉಜ್ಜಿ ಕೆಡಿಸಿರುವುದರಿಂದ ದರ್ಜೆ ಕೊಟ್ಟಿಲ್ಲ. ಮೊದಲೆರಡನ್ನು ವಾರ್ತೆ ಓದುವ ಧಾಟಿಯಲ್ಲಿ ಓದಿದೆ. ಮೂರನೆಯದಕ್ಕೆ ನನಗೆ ಕೆಮ್ಮು ಬಂತು...

ಮಾರನೆಯ ದಿನವೇ ಕುಣಿಗಲ್ ಬಸ್ಸು. ಮೇಷ್ಟ್ರು ಬಿಳಿ ಕ್ಯಾನ್ವಾಸ್ ಶೂಗೆ ಬಿಳಿ ಬಳಿದುಕೊಂಡಿದ್ದರು. ಕುಣಿಗಲ್ ಮೇಷ್ಟ್ರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು, ಮಂಡಿಗೆ ಪಟ್ಟಿ ಕಟ್ಟಿಕೊಂಡು. ಡಬ್ಬಿಯನ್ನು ಬಿಸಿಲಿಗೆ ಹಿಡಿದು ಒಂದೊಂದೇ ಅಕ್ಷರ ಓದಿದರು. ಮೂರನೆಯ ಮಾತಿಗೆ ಬಂದು ತಲೆಯೆತ್ತಿದರು.

"ಉಜ್ಜಿ ಕೆಡಿಸೋರೆ ಅಂತ ಐತಲ್ಲ. ಯಾರಯ್ಯ ಉಜ್ಜಿದ್ದು?"

"ನಾನೇ ಕಣಯ್ಯ," ಅಂದರು ನಮ್ಮ ಮೇಷ್ಟ್ರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

ಕುಣಿಗಲ್ ಮೇಷ್ಟ್ರು ಡಬ್ಬಿಯನ್ನು ಎರಡೂ ಕಡೆ ತಿರುಗಿಸಿದರು. ಉಬ್ಬು ಸಿಂಹ, ತಗ್ಗು ಸಿಂಹ. ಅಂದು ಟೈಲ್ ಎಂದು ಕೂಗಿದ್ದು ತಮ್ಮ ಹುಡುಗನೇ, ಬಿದ್ದದ್ದು ಉಬ್ಬು ಸಿಂಹವೇ ಎಂದು ನಿಧಾನವಾಗಿ ಒಪ್ಪಿಕೊಂಡರು. ಆಮೇಲೆ ಡಬ್ಬಿ ವಾಪಸ್ಸು ಕೊಟ್ಟರು.

"ಹಂಗಾರೆ ಇನ್ನೊಂದ್ ಸಲ ಹಾಕು."

ಸೀಲಾದ ನಾಣ್ಯವನ್ನು ಹೊರಗೆ ತೆಗೆಯುವ ಹಾಗಿರಲಿಲ್ಲ. ಮೇಷ್ಟ್ರು ಡಬ್ಬಿಯನ್ನೇ ಮೇಲೆ ಚಿಮ್ಮಿದರು. ಅದು ತೆಂಗಿನ ಗರಿಯ ಎತ್ತರಕ್ಕೆ ಹೋಯಿತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊಣಕೈ ಎತ್ತರಕ್ಕೆ ಹೋಗಿತ್ತು. ಕುಣಿಗಲ್ ಮೇಷ್ಟ್ರು ಟೈಲ್ ಎಂದರು. ಡಬ್ಬಿ ಮೂಲೆಯ ಮೇಲೆ ಬಿದ್ದು, ಚಟ್ಟನೆ ಬಿರುಕುಬಿಟ್ಟು, ಮಗುಚಿತು. ತಗ್ಗು ಸಿಂಹ ಮೇಲಿತ್ತು. ಅಂದರೆ ಟೈಲ್; ಖೊ-ಖೊದಲ್ಲಿ ಟಾಸ್ ಗೆದ್ದವರು ಓಡುವುದೋ ಅಟ್ಟುವುದೋ ಆರಿಸಬೇಕು.

"ಚೇಸಿಂಗ್," ಅಂದರು ಕುಣಿಗಲ್ ಮೇಷ್ಟ್ರು, ಎಷ್ಟೋ ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದವರಂತೆ.

ನಮ್ಮ ಮೇಷ್ಟ್ರು ಜೇಬಿನಿಂದ ಸೀಟಿ ತೆಗೆದು ಊದಿದರು. ಆ ಮಂಡಿನೋವಿನ ಮನುಷ್ಯ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರು...

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಕುಣಿಗಲ್ ಮೇಷ್ಟ್ರು ಬಂದು ಗೇಟಿನ ಹತ್ತಿರ ನಿಂತೇ ಇದ್ದರು, ಒಳಗೆ ಬರಲು ಯಾರೋ ಸೀಟಿ ಊದಬೇಕು ಎಂಬಂತೆ. ಮೇಷ್ಟ್ರ ಮಗಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಉಜ್ಜಿದ್ದು ನಾನು ಎಂದು ಆಗ ಅವರಿಗೆ ಹೇಳಿದೆ. ಗೊತ್ತು ಕಣೋ, ಅಪ್ಪ ಅವತ್ತೇ ಹೇಳಿದ್ದರು ಎಂದರು.

ಬಿರುಕುಬಿಟ್ಟ ಡಬ್ಬಿಯನ್ನು ಕಳಿಸಿದರೆ ಕಂಪನಿಯವರು ಹೊಸದನ್ನು ಹಾಕಿಕೊಡುತ್ತಾರೆ. ಅರ್ಜಿ ತುಂಬುವುದು ನನಗೆ ಗೊತ್ತು. ತುಂಬಿಲ್ಲ. ಬಿರುಕಿನಲ್ಲಿ ಕುಣಿಗಲ್ ಅಂಗಳದ ಕೆಮ್ಮಣ್ಣು ಇನ್ನೂ ಕೂತಿದೆ. ಅಮ್ಮನ ದೀಪಗಳನ್ನೆಲ್ಲ ಉಜ್ಜಿ ಕೊಟ್ಟೆ. ಅದನ್ನು ಮಾತ್ರ ಮುಟ್ಟಲಿಲ್ಲ.