ಒಂದು ಸೇರು ತೌಡಿನ ಹೆಸರು

ಮತದಾರರ ಪಟ್ಟಿ ಹಿಡಿದು ಮನೆಮನೆ ಅಲೆಯುವ ಕೆಲಸ ಮೇಷ್ಟ್ರುಗಳಾದ ನಮಗೆ ತಪ್ಪಿದ್ದಲ್ಲ. ಆ ಸಲ ಗೋಣಿಬೀಡಿನ ಕಡೆ ಒಂದು ಎಸ್ಟೇಟಿಗೆ ಹೋದಾಗ ಯಜಮಾನರು ಕಣದಲ್ಲಿ ಕಾಫಿ ಹರವಿಸುತ್ತಿದ್ದರು. ಹೆಸರು ಕೇಳಿದೆ.

“ತೌಡೇಗೌಡ.”

ಇಷ್ಟು ದೊಡ್ಡ ತೋಟದವರಿಗೆ ದನ ತಿನ್ನುವ ತೌಡಿನ ಹೆಸರೇ? ನನ್ನ ಬಾಯಿ ಸುಮ್ಮನಿರಲಿಲ್ಲ. “ಅಫಿಡವಿಟ್ ಮಾಡಿಸಿದರೆ ಹೆಸರು ಬದಲಾಯಿಸಬಹುದು ಗೌಡ್ರೇ,” ಅಂದೆ.

“ನನಗಿಂತ ಮುಂಚೆ ಹುಟ್ಟಿದ ಇಬ್ಬರಿಗೆ ದೇವರ ಹೆಸರೇ ಇಟ್ಟಿದ್ರು ಮೇಷ್ಟ್ರೇ. ಇಬ್ರೂ ಉಳೀಲಿಲ್ಲ. ಅದಕ್ಕೇ ಅವ್ವ ನನ್ನನ್ನ ಪಕ್ಕದ ಮನೆಯವಳಿಗೆ ಕೊಟ್ಟು, ಒಂದು ಸೇರು ತೌಡು ಅಳೆದು ವಾಪಸ್ ಕೊಂಡ್ಕೊಂಡ್ಳು. ತೌಡಿಗೆ ಸಿಕ್ಕಿದ ಕೂಸು ಅಂದ್ರೆ ಯಮನಿಗೂ ತಾತ್ಸಾರ. ನಂಗೀಗ ಎಪ್ಪತ್ತೆಂಟು. ನಿಮಗೆ ಮಕ್ಕಳು?”

“ಹೋದ ತಿಂಗಳು ಮಗ ಹುಟ್ಟಿದ. ಅಮರ್ತ್ಯ ಅಂತ ಇಟ್ಟಿದ್ದೇವೆ,” ಅಂದೆ ಜಂಬದಿಂದ. “ಸಾವಿಲ್ಲದವನು ಅಂತ ಅರ್ಥ.”

ಗೌಡರು ನನ್ನನ್ನು ಮರುಕದಿಂದ ನೋಡಿದರು. “ಅದನ್ನ ಯಮನಿಗೆ ಕೇಳೋ ಹಾಗೆ ಕೂಗಬೇಡಿ ಮಾರಾಯ್ರೆ.”

ಹೊರಡುವಾಗ ಒಂದು ಸೇರು ತೌಡು ಕಟ್ಟಿಸಿ ಕೊಟ್ಟರು.

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಶಾಲೆಯ ದಾಖಲೆಯಲ್ಲಿ ಮಗ ಇವತ್ತಿಗೂ ಅಮರ್ತ್ಯನೇ. ಕೆಮ್ಮು ಬಂದಾಗ ಮಾತ್ರ ಅವನನ್ನು ‘ತೌಡಾ’ ಅಂತ ಕರೆಯುತ್ತೇನೆ, ಅದೂ ಸ್ವಲ್ಪ ಗಟ್ಟಿಯಾಗಿ.