ಬದುಕಿದ್ದೇನೆಂದು ಸಾಬೀತುಪಡಿಸುವ ನವೆಂಬರ್

ಮೈಸೂರಿನಿಂದ ವರ್ಗವಾಗಿ ನಾನು ಕಾಕ್ಕನಾಡಿನ ಬ್ಯಾಂಕ್ ಶಾಖೆಗೆ ಬಂದ ಮರುವರ್ಷವೇ ಕೊರೋನಾ ಬಂತು. ಐಟಿ ಪಾರ್ಕಿನವರೆಲ್ಲ ಮನೆಯಲ್ಲೇ ಕೂತು ಕೆಲಸ ಶುರುಮಾಡಿದರು. ಅವರನ್ನು ನಂಬಿದ್ದ ಕ್ಯಾಬುಗಳು, ಚಹಾದಂಗಡಿಗಳು, ಇಸ್ತ್ರಿ ಗಾಡಿಗಳು ಒಂದೇ ವಾರದಲ್ಲಿ ಮಲಗಿದವು. ದೇಶದ ಆರ್ಥಿಕತೆ ಕುಸಿದಿದೆಯೆಂದು ಟಿವಿಯಲ್ಲಿ ಗ್ರಾಫ್ ತೋರಿಸುತ್ತಿದ್ದರು. ನನ್ನ ಪಕ್ಕದ ಮನೆಯಲ್ಲಿ ಅದನ್ನು ಎತ್ತಿ ಹಿಡಿಯುವ ಕೆಲಸ ಎಂಬತ್ತು ದಾಟಿದ ಅಜ್ಜಿಗೆ ಬಿದ್ದಿತ್ತು.

ಅವರನ್ನು ಎಲ್ಲರೂ ಅಮ್ಮೂಮ್ಮ ಎನ್ನುತ್ತಿದ್ದರು; ಮಲಯಾಳದಲ್ಲಿ ಅಜ್ಜಿ ಎಂದರ್ಥ. ಮಗನ ಕ್ಯಾಬ್ ಟಾರ್ಪಾಲು ಹೊದ್ದು ನಿಂತಿತ್ತು, ಸೊಸೆಯ ಕ್ಯಾಂಟೀನ್ ಕೆಲಸ ಹೋಗಿತ್ತು. ಐದು ಜನರ ಅನ್ನ ಅಮ್ಮೂಮ್ಮನ ಪಿಂಚಣಿಯಿಂದಲೇ. ಹೀಗಾಗಿ ಅವರು ಒಮ್ಮೆ ಸೀನಿದರೆ ಮನೆಯಿಡೀ ಎದ್ದು ನಿಲ್ಲುತ್ತಿತ್ತು. ಮುಂಚೆ ಕೇಳಿದರೂ ಸಿಗದ ಶುಂಠಿ ಕಾಪಿ ಈಗ ದಿನಕ್ಕೆ ನಾಲ್ಕು ಸಲ ತಾನಾಗಿ ಬರುತ್ತಿತ್ತು.

ನವೆಂಬರಿನಲ್ಲಿ ಪಿಂಚಣಿದಾರರು ಬ್ಯಾಂಕಿಗೆ ಬಂದು ತಾವು ಬದುಕಿದ್ದೇವೆಂದು ತೋರಿಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಾಗೆ ತೋರಿಸಲು ಬಂದು ಸೋಂಕು ತಗಲಿ ಸಾಯುವುದು ಬೇಡವೆಂದು ನಮ್ಮ ಶಾಖೆಯಲ್ಲಿ ವಿಡಿಯೊ ಕರೆ ಶುರುವಾಯಿತು.

ನಾನು ಕರೆ ಮಾಡಿದಾಗ ಅವರ ಮನೆಯಲ್ಲಿ ಕರೆಂಟಿರಲಿಲ್ಲ. ಮುಖ ಕಾಣುತ್ತಿಲ್ಲ ಎಂದೆ. ಮಗ ಹಿತ್ತಾಳೆ ದೀಪ ಹಚ್ಚಿ ತಾಯಿಯ ತಲೆಯ ಹತ್ತಿರ ಇಟ್ಟ. ವಯಸ್ಸಿಗೆ ನಡುಗುವ ತಲೆ. ಚಿತ್ರ ನಿಲ್ಲುತ್ತಿಲ್ಲ ಎಂದೆ. ಅವರನ್ನು ಮಂಚದ ಮೇಲೆ ನೆಟ್ಟಗೆ ಮಲಗಿಸಿ, ಉಟ್ಟಿದ್ದ ಬಿಳಿ ಮುಂಡು ಸರಿಪಡಿಸಿ, ಅಲುಗಾಡಬೇಡಿ ಎಂದರು. ಅಮ್ಮೂಮ್ಮ ವಿಧೇಯರಾಗಿ ಕಣ್ಣನ್ನೂ ಮುಚ್ಚಿಕೊಂಡರು.

ಆಗಲೇ ನಮ್ಮ ಮ್ಯಾನೇಜರ್ ಹಿಂದಿನಿಂದ ಇಣುಕಿ, ಪರದೆಗೆ ಕೈಮುಗಿದರು. "ಯಾವಾಗ ಹೋದರು?"

"ಇನ್ನೂ ಹೋಗಿಲ್ಲ ಸಾರೇ," ಎಂದಿತು ಪರದೆ. "ಮಗನ ಕಾರು ಹೊರಡೋವರೆಗೆ ಹೋಗೋ ಹಾಗಿಲ್ಲ."

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮನೆಗೆ ಬಂದ ಮೇಲೆ ಆ ಮಾತು ನೆನಪಾಗಿ, ನಕ್ಕದ್ದಕ್ಕೆ ನಾಚಿಕೆಯಾಯಿತು.

ಕ್ಯಾಬು ಮತ್ತೆ ಓಡತೊಡಗಿದ ವರ್ಷ ಅಮ್ಮೂಮ್ಮ ಅದರಲ್ಲೇ ಬ್ಯಾಂಕಿಗೆ ಬಂದರು. ನಾನು ಮುದ್ರೆ ಒತ್ತುವಾಗ ಕೌಂಟರಿಗೆ ಬಾಗಿ, ಮಗಳನ್ನು ಕರೆಯುವಂತೆ ಕರೆದು, ಮಗನಿಗೆ ಕೇಳಿಸದಂತೆ ಕೇಳಿದರು:

"ಮೋಳೇ, ಇನ್ನು ನಾನು ಸ್ವಲ್ಪ ಕಾಯಿಲೆ ಬೀಳಬಹುದಾ?"